ಬೆನ್ನ ಹಿಂದಿನ ಬಯಲು

ಫುಟ್‌ಬಾಲ್ ಕೋಚ್ ಆಂಜ್ ಪೋಸ್ಟೆಕೊಗ್ಲು 2023ರಲ್ಲಿ ಗ್ಲಾಸ್ಗೊದ ಸೆಲ್ಟಿಕ್ ಕ್ಲಬ್ಬಿಗೆ ಒಂದೇ ಋತುವಿನಲ್ಲಿ ಸ್ಕಾಟ್ಲೆಂಡಿನ ಮೂರೂ ಟ್ರೋಫಿಗಳನ್ನು ಗೆದ್ದುಕೊಟ್ಟರು. 2025ರ ಮೇ ತಿಂಗಳಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ಹಾಟ್‌ಸ್ಪರ್‌ಗೆ ಯುರೋಪಾ ಲೀಗ್ ಕಪ್ ತಂದುಕೊಟ್ಟು, ಹದಿನಾರನೆಯ ದಿನ ಕೆಲಸ ಕಳೆದುಕೊಂಡರು. ಆ ಸೆಪ್ಟೆಂಬರ್‌ನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿ, ಎಂಟು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಾಗದೆ 39 ದಿನಕ್ಕೆ ಮನೆಗೆ ಹೋದರು. ಪ್ರೀಮಿಯರ್ ಲೀಗ್ ಶುರುವಾದಂದಿನಿಂದ ಕಾಯಂ ಮ್ಯಾನೇಜರ್ ಒಬ್ಬರು ಇಷ್ಟು ಬೇಗ ಹೊರಬಿದ್ದ ಉದಾಹರಣೆ ಇನ್ನೊಂದಿಲ್ಲ.

ಮೂರು ಕಡೆಯೂ ಮನುಷ್ಯ ಒಬ್ಬರೇ, ಆಡಿಸಹೊರಟ ಆಟವೂ ಒಂದೇ. ಫಲ ಮಾತ್ರ ಅಜಗಜಾಂತರ. ಯಾಕೆ ಹೀಗಾಯಿತು ಎಂದು ಕೇಳಿದರೆ ಒಂದು ಗುಂಪು ಅವರನ್ನು ಹಟಮಾರಿ ಎನ್ನುತ್ತದೆ, ಇನ್ನೊಂದು ಹುತಾತ್ಮ ಎನ್ನುತ್ತದೆ. ಶನಿವಾರ ರಾತ್ರಿ ಟಿವಿ ಮುಂದೆ ಕೂರುವ ನಮ್ಮ ಹುಡುಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಇದೇ ಜಗಳ. ಎರಡು ಗುಂಪಿನವರೂ ಅಳೆಯುತ್ತಿರುವುದು ಮನುಷ್ಯನ ಗುಣವನ್ನು. ನನಗೆ ಅದಕ್ಕಿಂತ ಮೈದಾನವನ್ನು ಅಳೆಯುವುದು ವಾಸಿ ಅನ್ನಿಸುತ್ತದೆ.

ಫುಟ್‌ಬಾಲ್ ಮೈದಾನದ ಉದ್ದ ಸಾಮಾನ್ಯವಾಗಿ 105 ಮೀಟರ್. ಆಫ್‌ಸೈಡ್ ನಿಯಮವನ್ನು ಒರಟಾಗಿ ಹೇಳುವುದಾದರೆ, ಸಹ ಆಟಗಾರ ಚೆಂಡು ಕೊಡುವ ಗಳಿಗೆಯಲ್ಲಿ ಸ್ಟ್ರೈಕರ್ ಎದುರಾಳಿಯ ಕೊನೆಯ ಡಿಫೆಂಡರನ್ನು ದಾಟಿ ನಿಂತಿರಬಾರದು. ಅಂದರೆ ಕೊನೆಯ ಡಿಫೆಂಡರ್ ಎಲ್ಲಿ ನಿಲ್ಲುತ್ತಾನೋ ಸ್ಟ್ರೈಕರ್‌ಗೆ ಅದೇ ಲಕ್ಷ್ಮಣರೇಖೆ. ಡಿಫೆಂಡರ್‌ಗಳು ಗೋಲಿನ ಬಾಯಿಯಲ್ಲಿ ನಿಂತರೆ ಎದುರಾಳಿಯೂ ಅಲ್ಲಿಯ ತನಕ ಬಂದು ಕೂರುತ್ತಾನೆ. ಅವರು ಮೇಲೆ ಮೇಲೆ ಸರಿದು ಮಧ್ಯಗೆರೆಯ ಹತ್ತಿರ ನಿಂತರೆ ಅವನೂ ಅಷ್ಟು ದೂರವೇ ಉಳಿಯಬೇಕು. ಇದನ್ನೇ ಹೈ ಲೈನ್ ಅನ್ನುವುದು. ಇದರಿಂದ ಆಟವೆಲ್ಲ ಎದುರಾಳಿಯ ಅರ್ಧಭಾಗದಲ್ಲಿ ನಡೆಯುತ್ತದೆ. ಕಳೆದುಕೊಂಡ ಚೆಂಡನ್ನು ಅಲ್ಲೇ, ಅವರ ಗೋಲಿನ ಹತ್ತಿರವೇ, ಕಿತ್ತುಕೊಳ್ಳಬಹುದು. ಆದರೆ ನಿಮ್ಮ ಡಿಫೆಂಡರ್‌ಗಳ ಬೆನ್ನ ಹಿಂದೆ ಗೋಲಿನ ತನಕ ನಲವತ್ತು, ಐವತ್ತು ಮೀಟರ್ ಖಾಲಿ ಬಯಲು ಬಿದ್ದಿರುತ್ತದೆ. ಅಲ್ಲಿ ಕಾವಲಿಗಿರುವವನು ಗೋಲ್‌ಕೀಪರ್ ಒಬ್ಬನೇ.

ಹೈ ಲೈನ್ ಆಡಿಸುವ ಕೋಚ್‌ಗಳು ಬಹಳ ಮಂದಿ ಇದ್ದಾರೆ. ಪೋಸ್ಟೆಕೊಗ್ಲು ವಿಶೇಷ ಎಂದರೆ ಆ ಬಯಲಿನ ಕಾವಲುಗಾರರನ್ನೂ ಅವರು ದಾಳಿಗೆ ಕಳಿಸುತ್ತಾರೆ. ಫುಲ್‌ಬ್ಯಾಕ್ ಅಂದರೆ ಅಂಚು ಕಾಯುವವನು. ಇವರ ತಂಡದಲ್ಲಿ ಚೆಂಡು ಸಿಕ್ಕ ಕೂಡಲೇ ಇಬ್ಬರೂ ಫುಲ್‌ಬ್ಯಾಕ್‌ಗಳು ಅಂಚು ಬಿಟ್ಟು ಒಳಗೆ ಸರಿದು ಮಿಡ್‌ಫೀಲ್ಡರ್‌ಗಳಾಗುತ್ತಾರೆ. ಎಷ್ಟೋ ಸಲ ಪೆನಾಲ್ಟಿ ಬಾಕ್ಸಿನ ಒಳಗೇ ಕಾಣಿಸಿಕೊಳ್ಳುತ್ತಾರೆ. ವಿಂಗರ್‌ಗಳಿಬ್ಬರು ಅಂಚಿನ ಗೆರೆಗೆ ಅಂಟಿಕೊಂಡು ಎದುರಾಳಿಯನ್ನು ಅಗಲಕ್ಕೆ ಎಳೆಯುತ್ತಾರೆ. ಹೀಗೆ ನಡುವೆ ಬಿಟ್ಟುಕೊಂಡ ಜಾಗಕ್ಕೆ ಇಬ್ಬರು ಮಿಡ್‌ಫೀಲ್ಡರ್‌ಗಳು ನುಗ್ಗುತ್ತಾರೆ. ಒಬ್ಬ ವಿಂಗರ್ ಬುಡದ ಗೆರೆಯಿಂದ ನೆಲಮಟ್ಟದ ಕ್ರಾಸ್ ಕೊಡುತ್ತಾನೆ, ಇನ್ನೊಂದು ಅಂಚಿನ ವಿಂಗರ್ ದೂರದ ಕಂಬದ ಹತ್ತಿರ ಬಂದು ಚೆಂಡನ್ನು ಒಳಗೆ ತಳ್ಳುತ್ತಾನೆ. ಇಂಥ ಗೋಲನ್ನು ಅವರ ತಂಡಗಳು ನಾಲ್ಕು ದೇಶಗಳಲ್ಲಿ ಹೊಡೆದಿವೆ. ನೋಡಲು ಸಲೀಸು, ತಡೆಯಲು ಕಷ್ಟ.

ಹಿಂದೆ ಉಳಿಯುವವರು ಇಬ್ಬರು ಸೆಂಟರ್‌ಬ್ಯಾಕ್‌ಗಳು, ಮುಂದೆ ಒಬ್ಬ ಮಿಡ್‌ಫೀಲ್ಡರ್. ಇಷ್ಟೇ ಜನ ಐವತ್ತು ಮೀಟರ್ ಬಯಲನ್ನು ಹೇಗೆ ಕಾಯಬೇಕು? ಚೆಂಡು ಕಳೆದುಕೊಂಡ ಮರುಕ್ಷಣವೇ ಮುಂದಿನವರು ಎದುರಾಳಿಯ ಮೇಲೆ ಬೀಳಬೇಕು, ಅವನಿಗೆ ತಲೆಯೆತ್ತಿ ನೋಡಲೂ ಬಿಡಬಾರದು. ತಲೆಯೆತ್ತಿ ನೋಡಲಾಗದವನು ನಲವತ್ತು ಮೀಟರ್ ಪಾಸನ್ನು ಗುರಿಯಿಟ್ಟು ಕೊಡಲಾರ. ಹೀಗೆ ಮೇಲೆ ಬೀಳುವ ಪ್ರೆಸ್ಸಿಂಗ್ ಮತ್ತು ಹೈ ಲೈನ್ ಜೋಡೆತ್ತುಗಳಿದ್ದ ಹಾಗೆ. ಒಂದು ಸುಸ್ತಾಗಿ ನಿಂತರೆ ಇನ್ನೊಂದು ಎಳೆದುಕೊಂಡು ಹೋಗುವುದು ಗಾಡಿಯನ್ನು ಹಳ್ಳಕ್ಕೇ. ಹಾಗಾಗಿ ಈ ಆಟ ಒಪ್ಪುತ್ತದೋ ಇಲ್ಲವೋ ಎಂದು ತಿಳಿಯಲು ಸ್ಟ್ರೈಕರ್ ಎಂಥವನು ಎಂದು ನೋಡಿದರೆ ಸಾಲದು. ಹಿಂದಿನ ಇಬ್ಬರು ಎಷ್ಟು ವೇಗವಾಗಿ ಓಡುತ್ತಾರೆ, ಮುಂದಿನವರು ಎಪ್ಪತ್ತನೆಯ ನಿಮಿಷದಲ್ಲೂ ಎಷ್ಟು ಓಡಬಲ್ಲರು, ಅವರು ಬಿದ್ದರೆ ಬೆಂಚಿನಿಂದ ಎದ್ದು ಬರುವವರು ಯಾರು ಎಂದು ನೋಡಬೇಕು. ದಾಳಿಯ ಹಣೆಬರಹ ಬರೆದಿರುವುದು ತಂಡದ ಹಿಂಭಾಗದಲ್ಲಿ.

ಈ ಆಟದ ಹುಚ್ಚು ಅವರಿಗೆ ಹಿಡಿದದ್ದು ಎಲ್ಲಿಂದ ಎನ್ನುವುದು ಸೊಗಸಾದ ಕತೆ. ಪೋಸ್ಟೆಕೊಗ್ಲು ಹುಟ್ಟಿದ್ದು 1965ರಲ್ಲಿ, ಅಥೆನ್ಸಿನಲ್ಲಿ. 1967ರಲ್ಲಿ ಗ್ರೀಸ್‌ನಲ್ಲಿ ಸೇನಾಡಳಿತ ಬಂದ ಮೇಲೆ ತಂದೆಯ ವ್ಯಾಪಾರ ಮುಳುಗಿತು. ಐದು ವರ್ಷದ ಹುಡುಗನನ್ನು ಕಟ್ಟಿಕೊಂಡು ಕುಟುಂಬ ಹಡಗು ಹತ್ತಿ ಮೆಲ್ಬರ್ನ್ ಸೇರಿತು. ಅಲ್ಲಿ ಗ್ರೀಕ್ ವಲಸಿಗರ ಕ್ಲಬ್ ಸೌತ್ ಮೆಲ್ಬರ್ನ್. ಹುಡುಗ ಬೆಳೆದು ಅದರ ನಾಯಕನಾದ. 1989ರಲ್ಲಿ ಆ ಕ್ಲಬ್ಬಿಗೆ ಕೋಚ್ ಆಗಿ ಬಂದವರು ಹಂಗೆರಿಯ ಫೆರೆಂಕ್ ಪುಷ್ಕಾಶ್. ಹಂಗೆರಿ ಪರ 85 ಪಂದ್ಯಗಳಲ್ಲಿ 84 ಗೋಲು ಹೊಡೆದವರು, 1960ರ ಯುರೋಪಿಯನ್ ಕಪ್ ಫೈನಲಿನಲ್ಲಿ ರಿಯಲ್ ಮ್ಯಾಡ್ರಿಡ್ ಪರ ಒಬ್ಬರೇ ನಾಲ್ಕು ಗೋಲು ಹೊಡೆದವರು. ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಅಥೆನ್ಸಿನ ಪಾನಥಿನಾಯ್ಕೋಸ್ ತಂಡಕ್ಕೆ ಕೋಚ್ ಆಗಿದ್ದರಿಂದ ಗ್ರೀಕ್ ಬರುತ್ತಿತ್ತು. ಹಾಗಾಗಿ ಅವರನ್ನು ಕಾರಿನಲ್ಲಿ ಕರೆದುಕೊಂಡು ಓಡಾಡುವ ಕೆಲಸ, ಅವರ ಮಾತನ್ನು ತಂಡಕ್ಕೆ ಇಂಗ್ಲಿಷಿನಲ್ಲಿ ದಾಟಿಸುವ ಕೆಲಸ ಎರಡೂ ನಾಯಕನ ಪಾಲಿಗೆ ಬಂದವು. ಒಂದು ಗೋಲು ಬಿಟ್ಟರೆ ಎರಡು ಹೊಡೆಯೋಣ ಎನ್ನುವ ಜಾತಿಯ ಆ ದೊಡ್ಡ ಆಟಗಾರನ ಪಕ್ಕದ ಸೀಟಿನಲ್ಲಿ ಕಲಿತದ್ದು ಯಾವ ಕೋಚಿಂಗ್ ಸರ್ಟಿಫಿಕೇಟಿನಲ್ಲೂ ಸಿಗುವಂಥದಲ್ಲ. ಆ ತಂಡ 1991ರಲ್ಲಿ ಆಸ್ಟ್ರೇಲಿಯದ ಚಾಂಪಿಯನ್ ಆಯಿತು.

ಮುಂದಿನ ದಾರಿ ನೇರವಾಗಿರಲಿಲ್ಲ. ಸೌತ್ ಮೆಲ್ಬರ್ನ್‌ಗೇ ಕೋಚ್ ಆಗಿ ಎರಡು ಲೀಗ್ ಗೆದ್ದರು. ಆಸ್ಟ್ರೇಲಿಯದ ಕಿರಿಯರ ತಂಡದೊಂದಿಗೆ ಎಡವಿ ಕೆಲವು ವರ್ಷ ಮೂಲೆಗುಂಪಾದರು. ಆಮೇಲೆ ಅವರ ಕೈಯಲ್ಲಿ ಬ್ರಿಸ್ಬೇನ್ ರೋರ್ ತಂಡ 2011 ಮತ್ತು 2012ರಲ್ಲಿ ಸಾಲಾಗಿ ಚಾಂಪಿಯನ್ ಆಯಿತು, 36 ಪಂದ್ಯ ಸೋಲದೆ ಆಡಿತು. 2015ರಲ್ಲಿ ಅವರು ಕೋಚ್ ಆಗಿದ್ದ ಆಸ್ಟ್ರೇಲಿಯಕ್ಕೆ ಏಷ್ಯಾ ಕಪ್ ಬಂತು. ಜಪಾನಿನ ಯೊಕೊಹಾಮಾ ಎಫ್. ಮರಿನೋಸ್ ಉದಾಹರಣೆ ಇಲ್ಲಿ ಮುಖ್ಯ. 2018ರಲ್ಲಿ, ಅವರ ಮೊದಲ ವರ್ಷ, ತಂಡ ಹೊಡೆದಷ್ಟೇ ಗೋಲು ಬಿಟ್ಟುಕೊಟ್ಟು ಹನ್ನೆರಡನೆಯ ಸ್ಥಾನದಲ್ಲಿ ತೆವಳಿತು. ಆಡಳಿತ ತಾಳ್ಮೆಗೆಡಲಿಲ್ಲ. 2019ರಲ್ಲಿ ಅದೇ ತಂಡ ಹದಿನೈದು ವರ್ಷಗಳ ಬಳಿಕ ಲೀಗ್ ಗೆದ್ದಿತು. ಎರಡನೆಯ ವರ್ಷದಲ್ಲಿ ನಾನು ಏನನ್ನಾದರೂ ಗೆದ್ದೇ ಗೆಲ್ಲುತ್ತೇನೆ ಎಂದು ಮುಂದೆ ಟಾಟನ್‌ಹ್ಯಾಮ್‌ನಲ್ಲಿ ಅವರು ಹೇಳಿದ್ದು ಜಂಬದ ಮಾತಾಗಿ ಕೇಳಿಸಿತು. ಅದರ ಹಿಂದೆ ಲೆಕ್ಕವಿತ್ತು: ಈ ಆಟ ಮೈಗೂಡಲು ಒಂದು ವರ್ಷ ಬೇಕು, ಆ ವರ್ಷದ ಸೋಲುಗಳನ್ನು ಕ್ಲಬ್ ನುಂಗಿಕೊಳ್ಳಬೇಕು.

2021ರಲ್ಲಿ ಸೆಲ್ಟಿಕ್‌ಗೆ ಬಂದಾಗ ಸ್ಕಾಟಿಷ್ ಪತ್ರಿಕೆಗಳಲ್ಲಿ ಹೆಚ್ಚು ಜನಕ್ಕೆ ಅವರ ಹೆಸರೇ ಗೊತ್ತಿರಲಿಲ್ಲ. ಹಿಂದಿನ ಋತುವಿನಲ್ಲಿ ರೇಂಜರ್ಸ್ 25 ಅಂಕಗಳ ಅಂತರದಿಂದ ಲೀಗ್ ಗೆದ್ದಿತ್ತು. ಜಪಾನಿನಲ್ಲಿ ತಾವು ಕಂಡಿದ್ದ ಕ್ಯೋಗೊ ಫುರುಹಾಶಿ, ರಿಯೊ ಹಟಾಟೆ, ದೈಜೆನ್ ಮಯೇಡಾ ಅವರನ್ನು ಕರೆಸಿಕೊಂಡರು. ಮೂವರೂ ನಿಲ್ಲದೆ ಓಡುವವರು. ಮೊದಲ ವರ್ಷವೇ ಲೀಗ್ ಬಂತು, ಎರಡನೆಯ ವರ್ಷ ಮೂರೂ ಟ್ರೋಫಿ. 2022ರ ಆಗಸ್ಟಿನಲ್ಲಿ ಡಂಡೀ ಯುನೈಟೆಡ್ ತಂಡವನ್ನು ಅದರ ಮನೆಯಂಗಳದಲ್ಲೇ 9–0ರಿಂದ ಹೊಡೆದರು.

ಈ ಆಟ ಸೆಲ್ಟಿಕ್‌ಗೆ ಅಷ್ಟು ಚೆನ್ನಾಗಿ ಒಪ್ಪಿದ್ದಕ್ಕೆ ಕಾರಣ ಸರಳ. ಸ್ಕಾಟ್ಲೆಂಡಿನ ಲೀಗಿನಲ್ಲಿ ಹನ್ನೆರಡು ತಂಡಗಳು. ಹಣದಲ್ಲಿ, ಆಟಗಾರರಲ್ಲಿ ಸೆಲ್ಟಿಕ್‌ಗೆ ಸಮನಾಗಿ ನಿಲ್ಲುವುದು ರೇಂಜರ್ಸ್ ಒಂದೇ. ಉಳಿದ ಹತ್ತು ತಂಡಗಳು ಹೇಗಿದ್ದರೂ ತಮ್ಮ ಗೋಲಿನ ಮುಂದೆ ಗುಂಪುಗಟ್ಟಿ ನಿಲ್ಲುತ್ತವೆ. ಬೆನ್ನ ಹಿಂದಿನ ಬಯಲಿಗೆ ಓಡಿ ಬರಲು ಅವರ ಹತ್ತಿರ ಆಳೂ ಇಲ್ಲ, ಚೆಂಡೂ ಇಲ್ಲ. ಹಾಗಾಗಿ ಬಯಲು ಇದ್ದೂ ಅಪಾಯವಿಲ್ಲ. ಆದರೆ ಮೂರು ಟ್ರೋಫಿ ಗೆದ್ದ ಅದೇ ಋತುವಿನ ಚಾಂಪಿಯನ್ಸ್ ಲೀಗ್ ಗುಂಪು ಹಂತದಲ್ಲಿ ರಿಯಲ್ ಮ್ಯಾಡ್ರಿಡ್, ಲೈಪ್‌ಜಿಗ್, ಶಖ್ತಾರ್ ಎದುರಾದವು. ಸೆಲ್ಟಿಕ್ ಆರು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ, ಎರಡು ಡ್ರಾ, ಗುಂಪಿನಲ್ಲಿ ಕೊನೆಯ ಸ್ಥಾನ. ಮ್ಯಾಡ್ರಿಡ್‌ನಲ್ಲಿ 5–1ರ ಸೋಲು. ಮುಂದೆ ಇಂಗ್ಲೆಂಡಿನಲ್ಲಿ ಆಗಲಿದ್ದುದರ ಮುನ್ಸೂಚನೆ ಇದರಲ್ಲೇ ಇತ್ತು. ಮೂರು ಟ್ರೋಫಿಗಳ ಹೊಳಪಿನಲ್ಲಿ ಅದು ಯಾರಿಗೂ ಕಾಣಲಿಲ್ಲ ಅಥವಾ ಯಾರೂ ನೋಡಲು ಬಯಸಲಿಲ್ಲ.

2023ರ ಜೂನ್‌ನಲ್ಲಿ ಅವರನ್ನು ಕರೆದುಕೊಂಡ ಟಾಟನ್‌ಹ್ಯಾಮ್ ಆಗ ಎಂಥ ಮನಃಸ್ಥಿತಿಯಲ್ಲಿತ್ತು ಎಂದು ನೆನಪಿಸಿಕೊಳ್ಳಬೇಕು. ಸಾಹಸವನ್ನೇ ಧ್ಯೇಯವಾಕ್ಯ ಮಾಡಿಕೊಂಡ ಕ್ಲಬ್ ಅದು. 1961ರಲ್ಲಿ ಬಿಲ್ ನಿಕೋಲ್ಸನ್ ಅವರ ತಂಡ ಲೀಗನ್ನೂ ಎಫ್.ಎ. ಕಪ್ಪನ್ನೂ ಒಟ್ಟಿಗೆ ಗೆದ್ದ ರೀತಿಯನ್ನು ಅಜ್ಜಂದಿರು ಮೊಮ್ಮಕ್ಕಳಿಗೆ ಹೇಳುವ ಕ್ಲಬ್. ಅಂಥಲ್ಲಿ ಜೋಸೆ ಮೌರಿನ್ಯೊ, ನುನೊ ಎಸ್ಪಿರಿಟೊ ಸಾಂಟೊ, ಆಂಟೋನಿಯೊ ಕಾಂಟೆ ಒಬ್ಬರಾದ ಮೇಲೊಬ್ಬರು ಬಂದು, ಹಿಂದೆ ಕೂತು ಅವಕಾಶ ಕಾಯುವ ಆಟ ಆಡಿಸಿದ್ದರು. ಟ್ರೋಫಿ ಬಂದಿದ್ದರೆ ಜನ ಸಹಿಸುತ್ತಿದ್ದರೇನೊ. ಬಂದದ್ದು 2022–23ರಲ್ಲಿ ಎಂಟನೆಯ ಸ್ಥಾನ, ಬಿಟ್ಟುಕೊಟ್ಟ ಗೋಲು 63. ರಕ್ಷಣೆಯ ಹೆಸರಿನಲ್ಲಿ ಆಡಿ 63 ಗೋಲು ಬಿಡುವುದಕ್ಕಿಂತ ದಾಳಿ ಮಾಡಿಯೇ ಸಾಯೋಣ ಎಂದು ಅಭಿಮಾನಿಗಳಿಗೆ ಅನ್ನಿಸಿದ್ದರೆ ತಪ್ಪೇನು?

ಅದರ ಮೇಲೆ ಆಗಸ್ಟಿನಲ್ಲಿ ಹ್ಯಾರಿ ಕೇನ್ ಬಯರ್ನ್ ಮ್ಯೂನಿಕ್‌ಗೆ ಹೊರಟುಹೋದರು. ಹಿಂದಿನ ಋತುವಿನ 70 ಲೀಗ್ ಗೋಲುಗಳಲ್ಲಿ ಅವರೊಬ್ಬರದ್ದೇ 30. ಆದರೂ ತಂಡ ಮೊದಲ ಹತ್ತು ಪಂದ್ಯಗಳಲ್ಲಿ ಸೋಲಲಿಲ್ಲ. 26 ಅಂಕ ಗಳಿಸಿ ಲೀಗಿನ ತುದಿಯಲ್ಲಿ ಕೂತಿತು. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಮೂರೂ ತಿಂಗಳ ಶ್ರೇಷ್ಠ ಮ್ಯಾನೇಜರ್ ಪ್ರಶಸ್ತಿ ಪೋಸ್ಟೆಕೊಗ್ಲು ಅವರಿಗೇ. ಆ ದಿನಗಳಲ್ಲಿ ತಂಡದ ಹಿಂಭಾಗ ಹೇಗಿತ್ತು ನೋಡಿ. ಹೊಸದಾಗಿ ಬಂದಿದ್ದ ಡಚ್ ಸೆಂಟರ್‌ಬ್ಯಾಕ್ ಮಿಕಿ ವಾನ್ ಡೆ ವೆನ್. ಮುಂದೆ 2024ರ ಜನವರಿಯಲ್ಲಿ ಬ್ರೆಂಟ್‌ಫರ್ಡ್ ವಿರುದ್ಧ ಗಂಟೆಗೆ 37.38 ಕಿಲೋಮೀಟರ್ ವೇಗದಲ್ಲಿ ಓಡಿ ಪ್ರೀಮಿಯರ್ ಲೀಗಿನ ದಾಖಲೆ ಬರೆದವರು. ಪಕ್ಕದಲ್ಲಿ ಅರ್ಜೆಂಟೀನಾದ ಕ್ರಿಸ್ಟಿಯನ್ ರೊಮೆರೊ, ಚೆಂಡು ಬರುವ ಮುನ್ನವೇ ಮೇಲೆ ಬಿದ್ದು ಕಿತ್ತುಕೊಳ್ಳುವವರು. ಹಿಂದೆ ಗೋಲು ಬಿಟ್ಟು ಬಹುದೂರ ಓಡಿಬಂದು ಚೆಂಡು ಒದೆಯಬಲ್ಲ ಗೋಲ್‌ಕೀಪರ್ ಗುಲ್ಯೆಲ್ಮೊ ವಿಕಾರಿಯೊ. ಒಳಗೆ ನುಗ್ಗುವ ಫುಲ್‌ಬ್ಯಾಕ್‌ಗಳು ಪೆದ್ರೊ ಪೊರೊ, ಡೆಸ್ಟಿನಿ ಉದೋಗಿ. ಈ ಐವರಿದ್ದಷ್ಟು ದಿನ ಬಯಲಿಗೆ ಕಾವಲಿತ್ತು. ಜನ ಹಾಡಿ ಹೊಗಳಿದ್ದು ಮಿಡ್‌ಫೀಲ್ಡರ್ ಮ್ಯಾಡಿಸನ್ ಪಾಸುಗಳನ್ನು, ನಾಯಕ ಸೋನ್ ಗೋಲುಗಳನ್ನು; ಆ ಗೋಲುಗಳಿಗೆ ನೆಲ ಒದಗಿಸಿದ್ದು ವಾನ್ ಡೆ ವೆನ್ ಅವರ ಕಾಲು.

2023ರ ನವೆಂಬರ್ 6ರಂದು ಚೆಲ್ಸಿ ಎದುರು ಅದು ಕುಸಿಯಿತು. ರೊಮೆರೊಗೆ ರೆಡ್ ಕಾರ್ಡ್, ಉದೋಗಿಗೆ ರೆಡ್ ಕಾರ್ಡ್. ವಾನ್ ಡೆ ವೆನ್ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಂಡು ಕುಂಟುತ್ತಾ ಹೊರನಡೆದರು, ಮ್ಯಾಡಿಸನ್ ಕೂಡ ಗಾಯಗೊಂಡರು. ಒಂಬತ್ತೇ ಜನ ಉಳಿದರು. ಆ ಒಂಬತ್ತು ಜನರನ್ನಿಟ್ಟುಕೊಂಡು ಪೋಸ್ಟೆಕೊಗ್ಲು ಡಿಫೆನ್ಸ್ ಗೆರೆಯನ್ನು ಮಧ್ಯಗೆರೆಯ ಹತ್ತಿರವೇ ನಿಲ್ಲಿಸಿದರು. ವಿಕಾರಿಯೊ ಮತ್ತೆ ಮತ್ತೆ ಬಾಕ್ಸಿನಿಂದ ಹೊರಗೆ ಓಡಿ ಚೆಂಡು ಒದೆಯುತ್ತಿದ್ದರು. ಕೊನೆಗೆ 4–1ರಿಂದ ಸೋತರು, ನಿಕೊಲಸ್ ಜಾಕ್ಸನ್ ಹ್ಯಾಟ್ರಿಕ್ ಹೊಡೆದರು. ಸೋತ ತಂಡಕ್ಕೆ ಅಭಿಮಾನಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಐದೇ ಜನ ಉಳಿದರೂ ನಾವು ಹೀಗೇ ಆಡುತ್ತೇವೆ ಎಂಬರ್ಥದ ಮಾತನ್ನು ಕೋಚ್ ಹೇಳಿದರು.

ಆ ರಾತ್ರಿಯನ್ನು ಶೌರ್ಯದ ಕತೆಯಾಗಿ ಹೇಳುವವರು ಇಂದಿಗೂ ಇದ್ದಾರೆ. ನನಗೆ ಅದು ಶೌರ್ಯವಾಗಿ ಕಾಣುವುದಿಲ್ಲ. ಹತ್ತು ಜನ ಪ್ರೆಸ್ ಮಾಡುವಾಗ ಹೈ ಲೈನ್‌ಗೆ ಅರ್ಥವಿದೆ. ಎಂಟು ಜನ ಓಡಿ ಹನ್ನೊಂದು ಜನರ ಕಣ್ಣು ಕಟ್ಟಲಾಗದು. ಒಂದು ಎತ್ತು ಬಿದ್ದ ಮೇಲೂ ಗಾಡಿಯನ್ನು ಅದೇ ವೇಗದಲ್ಲಿ ಹೊಡೆದಂತಾಯಿತು. ಆದರೆ ಒಂದು ಮಾತು ಅವರ ಪರವಾಗಿಯೂ ಹೇಳಬೇಕು. ಆಟಗಾರರು ಅಂದು ಕೋಚ್ ಹೇಳಿದ್ದನ್ನು ಸಂಶಯವಿಲ್ಲದೆ ಮಾಡಿದರು. ನಾಲ್ಕೇ ತಿಂಗಳಲ್ಲಿ ಇಷ್ಟು ನಂಬಿಸಬಲ್ಲ ಕೋಚ್‌ಗಳು ಅಪರೂಪ.

ಆ ಋತು ಐದನೆಯ ಸ್ಥಾನದಲ್ಲಿ ಮುಗಿಯಿತು: 66 ಅಂಕ, ಹೊಡೆದ ಗೋಲು 74, ಬಿಟ್ಟದ್ದು 61. ಕೇನ್ ಇಲ್ಲದೆಯೂ ಹಿಂದಿನ ವರ್ಷಕ್ಕಿಂತ ಹೆಚ್ಚು ಗೋಲು. ರಕ್ಷಣೆಗೆ ಹೆಸರಾದವರ ಕಾಲಕ್ಕಿಂತ ಎರಡು ಕಡಿಮೆಯೇ ಬಿಟ್ಟುಕೊಟ್ಟರು. ಇಲ್ಲಿಯ ತನಕ ನೋಡಿದರೆ ಕ್ಲಬ್ಬಿಗೆ ಈ ಆಟ ಒಪ್ಪಿತು ಎಂದೇ ಹೇಳಬೇಕು.

ಮುಂದಿನ ವರ್ಷ ಅದೇ ಕೋಚ್, ಹೆಚ್ಚುಕಡಿಮೆ ಅದೇ ಆಟಗಾರರು, 38 ಅಂಕ, 22 ಸೋಲು, ಹದಿನೇಳನೆಯ ಸ್ಥಾನ. ಅದಕ್ಕಿಂತ ಕೆಳಗಿದ್ದವು ಲೀಗಿನಿಂದಲೇ ಕೆಳಗಿಳಿದ ಮೂರು ತಂಡಗಳು. ಏನಾಯಿತು? ಎದುರಾಳಿಗಳು ಅವರ ಆಟದ ಗುಟ್ಟು ಕಂಡುಕೊಂಡರು ಎನ್ನುವುದು ಸುಲಭದ ಉತ್ತರ. ಗುಟ್ಟೇನೂ ಇರಲಿಲ್ಲ, ಬಯಲು ಮೊದಲ ದಿನದಿಂದ ಎಲ್ಲರ ಕಣ್ಣೆದುರೇ ಇತ್ತು. ನನಗೆ ಮುಖ್ಯವಾಗಿ ಕಾಣುವುದು ಎರಡು ಸಂಖ್ಯೆಗಳು. 2023–24ರಲ್ಲಿ ಟಾಟನ್‌ಹ್ಯಾಮ್ ಯುರೋಪಿನ ಯಾವ ಟೂರ್ನಿಯಲ್ಲೂ ಇರಲಿಲ್ಲ, ದೇಶದ ಕಪ್‌ಗಳಿಂದಲೂ ಬೇಗ ಹೊರಬಿತ್ತು. ವರ್ಷವಿಡೀ ಆಡಿದ್ದು 41 ಪಂದ್ಯ. 2024–25ರಲ್ಲಿ ಯುರೋಪಾ ಲೀಗ್ 15, ಲೀಗ್ ಕಪ್ 5, ಎಫ್.ಎ. ಕಪ್ 2 ಸೇರಿ 60 ಪಂದ್ಯ. ಹತ್ತೊಂಬತ್ತು ಪಂದ್ಯ ಹೆಚ್ಚು. ವಾರಕ್ಕೊಂದು ಪಂದ್ಯವಿದ್ದಾಗ ಭಾನುವಾರ ಉಸಿರುಗಟ್ಟಿ ಓಡಿದವನು ಮತ್ತೆ ಓಡುವಷ್ಟರಲ್ಲಿ ಆರು ದಿನ ಸುಧಾರಿಸಿಕೊಳ್ಳುತ್ತಾನೆ. ಗುರುವಾರ–ಭಾನುವಾರ, ಗುರುವಾರ–ಭಾನುವಾರ ಆಡುವವನಿಗೆ ಆ ಬಿಡುವಿಲ್ಲ. ಹಿಂದೆ ಕೂತು ಆಡುವ ತಂಡ ದಣಿದಾಗ ಒಂದು ಹೆಜ್ಜೆ ನಿಧಾನವಾಗುತ್ತದೆ, ಅಷ್ಟೆ. ಪೋಸ್ಟೆಕೊಗ್ಲು ತಂಡ ದಣಿದರೆ ಇಡೀ ಬಯಲು ಬಯಲಾಗುತ್ತದೆ.

ದಣಿವಿನ ಜೊತೆ ಗಾಯ. 2024ರ ಡಿಸೆಂಬರ್ 8ರಂದು ಚೆಲ್ಸಿ ವಿರುದ್ಧವೇ ರೊಮೆರೊ ಮತ್ತು ವಾನ್ ಡೆ ವೆನ್ ಇಬ್ಬರೂ ಗಾಯದಿಂದ ಮರಳಿ ಬಂದು, ಇಬ್ಬರೂ ಮತ್ತೆ ಗಾಯಗೊಂಡು ಹೊರಹೋದರು. 2–0 ಮುನ್ನಡೆಯಲ್ಲಿದ್ದ ತಂಡ 4–3ರಿಂದ ಸೋತಿತು. ಎರಡು ವಾರದ ಬಳಿಕ ಲಿವರ್‌ಪೂಲ್ ಎದುರು ತವರಿನಲ್ಲೇ 6–3. ಸೆಂಟರ್‌ಬ್ಯಾಕ್ ಜಾಗದಲ್ಲಿ ಹದಿನೆಂಟು ವರ್ಷದ ಆರ್ಚಿ ಗ್ರೇ ಆಡುತ್ತಿದ್ದರು. ಹುಡುಗ ಮೂಲತಃ ಮಿಡ್‌ಫೀಲ್ಡರ್. ವಿಕಾರಿಯೊ ಕಾಲಿನ ಮೂಳೆ ಮುರಿದುಕೊಂಡು ಕೂತಿದ್ದರು. ಸೋಜಿಗವೆಂದರೆ ನವೆಂಬರ್‌ನಲ್ಲಿ ಇದೇ ತಂಡ ಮ್ಯಾಂಚೆಸ್ಟರ್ ಸಿಟಿಯನ್ನು ಅದರದ್ದೇ ಮೈದಾನದಲ್ಲಿ 4–0ರಿಂದ ಸೋಲಿಸಿತ್ತು, ಅದಕ್ಕೂ ಮುಂಚೆ ಇಪ್ಸ್‌ವಿಚ್ ಎದುರು ತವರಿನಲ್ಲಿ ಸೋತಿತ್ತು.

ಈ ಗಾಯಗಳಿಗೆ ಕೋಚ್ ಹೊಣೆಯೋ ಕ್ಲಬ್ ಹೊಣೆಯೋ ಎನ್ನುವ ವಾದ ಮುಗಿಯುವಂಥದಲ್ಲ. ಹೈ ಲೈನ್ ಆಡುವ ಡಿಫೆಂಡರ್ ಪೂರ್ತಿ ವೇಗದಲ್ಲಿ ಹಿಂದಕ್ಕೆ ಓಡಬೇಕಾದ ಸಂದರ್ಭ ಹೆಚ್ಚು. ತೊಡೆಯ ಹಿಂಭಾಗದ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಹರಿಯುವುದೂ ಇಂಥ ಓಟದಲ್ಲೇ. ಅದು ಗೊತ್ತಿದ್ದೂ ಆಟವನ್ನು ತಿಂಗಳುಗಟ್ಟಲೆ ಸಡಿಲಿಸದಿದ್ದದ್ದು ಕೋಚ್ ತಪ್ಪು. ಆದರೆ ಇಂಥ ಆಟಕ್ಕೆಂದೇ ಅವರನ್ನು ಕರೆಸಿ, ವಾನ್ ಡೆ ವೆನ್ ಬಿದ್ದರೆ ಅಷ್ಟೇ ವೇಗದ ಇನ್ನೊಬ್ಬನನ್ನು ಬೆಂಚಿನ ಮೇಲೆ ಇಡದ ಆಡಳಿತದ ತಪ್ಪು ಅದಕ್ಕಿಂತ ದೊಡ್ಡದು. ಟಾಟನ್‌ಹ್ಯಾಮ್ ಕೊಂಡದ್ದು ಒಂದು ಹಂಬಲವನ್ನು. ಪೋಸ್ಟೆಕೊಗ್ಲು ಆ ಹಂಬಲಕ್ಕೆ ಒಪ್ಪಿದರು, ಬೆಂಚಿಗೆ ಒಪ್ಪಲಿಲ್ಲ.

ಇನ್ನು ಫೈನಲ್ ನಡೆದ ಸ್ಪೇನಿನ ಬಿಲ್ಬಾವೊ. 2025ರ ಮೇ 21ರ ಯುರೋಪಾ ಲೀಗ್ ಫೈನಲ್ ನಮ್ಮಲ್ಲಿ ಶುರುವಾಗುವಾಗ ಮಧ್ಯರಾತ್ರಿ ದಾಟಿತ್ತು. ಲೀಗಿನಲ್ಲಿ ಹದಿನಾರು, ಹದಿನೇಳನೆಯ ಸ್ಥಾನದಲ್ಲಿದ್ದ ಎರಡು ಇಂಗ್ಲಿಷ್ ತಂಡಗಳು ಯುರೋಪಿನ ಕಪ್ಪಿಗಾಗಿ ಆಡಿದ ವಿಚಿತ್ರ ಪಂದ್ಯ ಅದು. 42ನೆಯ ನಿಮಿಷದಲ್ಲಿ ಟಾಟನ್‌ಹ್ಯಾಮ್‌ನ ಸಾರ್ ಹಾಕಿದ ಕ್ರಾಸ್ ಅದೇ ತಂಡದ ಬ್ರೆನನ್ ಜಾನ್ಸನ್ ಕಾಲಿಗೂ ಮ್ಯಾಂಚೆಸ್ಟರ್ ಯುನೈಟೆಡ್‌ನ ಲೂಕ್ ಶಾ ಮೈಗೂ ತಗುಲಿ ಹೇಗೋ ಒಳಗೆ ಉರುಳಿತು. ಅಲ್ಲಿಂದ ಮುಂದೆ ಟಾಟನ್‌ಹ್ಯಾಮ್ ಮಾಡಿದ್ದು ಕಾಯುವ ಕೆಲಸವೊಂದನ್ನೇ. ಚೆಂಡನ್ನು ಯುನೈಟೆಡ್‌ಗೆ ಬಿಟ್ಟುಕೊಟ್ಟು ಗೋಲಿನ ಮುಂದೆ ಗೋಡೆ ಕಟ್ಟಿದರು. ಕೊನೆಕೊನೆಗೆ ಜಾನ್ಸನ್‌ರನ್ನು ಹೊರಗೆ ಕರೆದು ಇನ್ನೊಬ್ಬ ಡಿಫೆಂಡರ್ ಕೆವಿನ್ ಡಾನ್ಸೊ ಅವರನ್ನು ಇಳಿಸಿದರು. ಗೋಲಿನ ಗೆರೆಯ ಮೇಲೆ ವಾನ್ ಡೆ ವೆನ್ ಗಾಳಿಯಲ್ಲಿ ಮಲಗಿ ಚೆಂಡನ್ನು ಹೊರಕ್ಕೆ ಒದ್ದದ್ದೇ ಆ ಫೈನಲಿನ ನೆನಪಿಡಬೇಕಾದ ದೃಶ್ಯ. ಮೌರಿನ್ಯೊ ಆಡಿಸಿದ್ದರೆ ಹೀಗೆಯೇ ಆಡಿಸುತ್ತಿದ್ದರು. 1–0. ಕ್ಲಬ್ಬಿಗೆ 2008ರ ನಂತರದ ಮೊದಲ ಟ್ರೋಫಿ, 1984ರ ನಂತರದ ಮೊದಲ ಯುರೋಪಿಯನ್ ಟ್ರೋಫಿ.

ಐದೇ ಜನ ಉಳಿದರೂ ದಾಳಿ ಎಂದವರು ಹನ್ನೊಂದು ಜನರನ್ನೂ ಹಿಂದೆ ಕೂರಿಸಿ ಗೆದ್ದರು. ಇದನ್ನು ಕಪಟ ಎನ್ನುವವರಿದ್ದಾರೆ. ಆದರೆ ಅಂದು ಮಿಡ್‌ಫೀಲ್ಡಿನ ಮ್ಯಾಡಿಸನ್, ಕುಲುಸೆವ್ಸ್‌ಕಿ, ಬೆರ್ಗ್‌ವಾಲ್ ಮೂವರೂ ಗಾಯದಿಂದ ಹೊರಗಿದ್ದರು. ಮಿಡ್‌ಫೀಲ್ಡಿನಲ್ಲಿ ಉಳಿದದ್ದು ಪಾಸ್ ಕೊಡುವವರಿಗಿಂತ ಕಾದಾಡುವವರು. ಇದ್ದವರನ್ನು ನೋಡಿ ಆಟ ಆರಿಸಿಕೊಂಡರು. ಅವರಿಗೆ ಬೇರೆ ಆಟ ಬರುವುದಿಲ್ಲ ಎನ್ನುವ ಆರೋಪ ಅಂದು ಸುಳ್ಳಾಯಿತು. ಅದಕ್ಕಿಂತ ಗಟ್ಟಿಯಾದ ಆರೋಪ ಮೇಲೆದ್ದಿತು: ಬರುತ್ತಿತ್ತು ಅಂದಮೇಲೆ ಡಿಸೆಂಬರ್‌ನಲ್ಲಿ ಯಾಕೆ ಆಡಿಸಲಿಲ್ಲ?

ಈಗ ಈ ಲೆಕ್ಕವನ್ನು ಹಿಡಿದುಕೊಂಡು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕಡೆ ನೋಡಿ. 2024–25ರಲ್ಲಿ ಆ ತಂಡ 65 ಅಂಕ ಗಳಿಸಿ ಏಳನೆಯದಾಗಿತ್ತು. ಆಡಿಸಿದವರು ಟಾಟನ್‌ಹ್ಯಾಮ್ ಹಿಂದೊಮ್ಮೆ ಹೊರಹಾಕಿದ್ದ ಅದೇ ನುನೊ. ಚೆಂಡನ್ನು ಎದುರಾಳಿಗೇ ಬಿಟ್ಟು, ಗೋಲಿನ ಮುಂದೆ ದಟ್ಟವಾಗಿ ನಿಂತು, ಸಿಕ್ಕ ಕೂಡಲೇ ಮಿಂಚಿನ ಹಾಗೆ ಎದುರಿಗೆ ಓಡುವುದು ಅವರ ಆಟ. ಸೆಂಟರ್‌ಬ್ಯಾಕ್‌ಗಳಾದ ಮಿಲೆಂಕೊವಿಚ್, ಮುರಿಲ್ಲೊ ಬಾಕ್ಸಿನೊಳಗೆ ತಲೆಯೊಡ್ಡಿ, ಮೈಯೊಡ್ಡಿ ಚೆಂಡು ತಡೆಯುವುದರಲ್ಲಿ ಎತ್ತಿದ ಕೈ. ಇಪ್ಪತ್ತು ಲೀಗ್ ಗೋಲು ಹೊಡೆದ ಕ್ರಿಸ್ ವುಡ್ ಎತ್ತರದ, ಮೂವತ್ತು ದಾಟಿದ ಸ್ಟ್ರೈಕರ್. ಕ್ರಾಸ್ ಬಂದರೆ ಮುಗಿಸುತ್ತಾರೆ, ತೊಂಬತ್ತು ನಿಮಿಷ ಎದುರಾಳಿಯ ಬೆನ್ನು ಹತ್ತುವುದು ಅವರ ಕೆಲಸವಲ್ಲ. ಹಾಗೆ ಎದುರಿಗೆ ಓಡುತ್ತಿದ್ದ ವಿಂಗರ್ ಎಲಾಂಗಾ ಅವರನ್ನು ಬೇಸಿಗೆಯಲ್ಲಿ ನ್ಯೂಕಾಸಲ್‌ಗೆ ಮಾರಿದ್ದರು. ಅದರ ಮೇಲೆ ಕ್ಲಬ್ ಯುರೋಪಾ ಲೀಗಿನಲ್ಲೂ ಆಡಬೇಕಿತ್ತು, ಅಂದರೆ ಮತ್ತೆ ಗುರುವಾರ–ಭಾನುವಾರ.

ಇಂಥ ತಂಡಕ್ಕೆ, ಋತು ಶುರುವಾಗಿ ಮೂರು ಪಂದ್ಯ ಮುಗಿದ ಮೇಲೆ, ಬೇಸಿಗೆಯ ತರಬೇತಿಯನ್ನು ಇನ್ನೊಬ್ಬರ ಕೈಯಲ್ಲಿ ಮುಗಿಸಿಕೊಂಡ ಆಟಗಾರರ ನಡುವೆ, ನುನೊ ಜಾಗಕ್ಕೆ ಪೋಸ್ಟೆಕೊಗ್ಲು ಅವರನ್ನು ತಂದು ನಿಲ್ಲಿಸಿದರು. ಒಪ್ಪುವ ಅಂಶ ಒಂದಾದರೂ ಇತ್ತೇ ಎಂದು ಹುಡುಕಿದರೆ, ಕ್ಲಬ್ಬಿನ ಮಾಲೀಕ ಗ್ರೀಕ್, ಕೋಚ್ ಹುಟ್ಟಿದ್ದು ಗ್ರೀಸ್‌ನಲ್ಲಿ ಎಂಬುದಷ್ಟೇ ಸಿಗುತ್ತದೆ. ಮೊದಲ ಪಂದ್ಯದಲ್ಲಿ ಆರ್ಸೆನಲ್ ಎದುರು 3–0 ಸೋಲು. ಲೀಗ್ ಕಪ್‌ನಲ್ಲಿ ಕೆಳಗಿನ ದರ್ಜೆಯ ಸ್ವಾನ್‌ಸಿ ಎದುರು 2–0 ಮುಂದಿದ್ದು 3–2ರಿಂದ ಸೋತರು. ಬರ್ನ್‌ಲಿ ಜೊತೆ, ಸ್ಪೇನಿನ ಬೆಟಿಸ್ ಜೊತೆ ಡ್ರಾ. ಉಳಿದದ್ದೆಲ್ಲ ಸೋಲು. ಯೊಕೊಹಾಮಾದಲ್ಲಿ ಒಂದು ವರ್ಷ ಕಾದಿದ್ದರು. ಇಲ್ಲಿ ಒಂದು ತಿಂಗಳು ಹತ್ತು ದಿನವೂ ಕಾಯಲಿಲ್ಲ. ಕಾದಿದ್ದರೂ ಏನೂ ಆಗುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ. ಆಟಗಾರರನ್ನು ಬದಲಿಸದೆ ಆ ಆಟ ಆಡಿಸಲು ಬರುವಂತಿರಲಿಲ್ಲ, ಆಟಗಾರರನ್ನು ಬದಲಿಸುವ ಕಾಲ ಜನವರಿಯ ತನಕ ಇರಲಿಲ್ಲ.

ಹಾಗಾದರೆ ಅವರು ಯಾವ ಕ್ಲಬ್ಬಿಗೆ ಒಪ್ಪುತ್ತಾರೆ? ತನ್ನ ಲೀಗಿನಲ್ಲಿ ಹಣಬಲದಿಂದಲೇ ಮೇಲುಗೈ ಇರುವ ಕ್ಲಬ್ಬಿಗೆ ಕಣ್ಣು ಮುಚ್ಚಿ ಒಪ್ಪುತ್ತಾರೆ, ಸೆಲ್ಟಿಕ್ ಅದಕ್ಕೆ ಸಾಕ್ಷಿ. ಸಮಬಲದ ಲೀಗಿನಲ್ಲಾದರೆ ಯುರೋಪಿನ ಟೂರ್ನಿ ಇಲ್ಲದ, ವಾರಕ್ಕೊಂದೇ ಪಂದ್ಯವಿರುವ, ಬೇಸಿಗೆಯ ಪೂರ್ತಿ ಆರು ವಾರ ಅವರ ಕೈಗೆ ಕೊಡುವ ಕ್ಲಬ್ ಬೇಕು. ಇಬ್ಬರಲ್ಲ, ಮೂವರು ವೇಗದ ಸೆಂಟರ್‌ಬ್ಯಾಕ್‌ಗಳನ್ನು ಕೊಳ್ಳಲು ಆಡಳಿತ ಮೊದಲೇ ಒಪ್ಪಿರಬೇಕು. ಅಂಥ ಕ್ಲಬ್ ಸಿಕ್ಕರೆ ಮೊದಲ ಹತ್ತು ಪಂದ್ಯ ತಪ್ಪದೆ ನೋಡಿ. ಅಷ್ಟು ಕಣ್ಣಿಗೆ ಹಬ್ಬವಾದ ಆಟ ಆಡಿಸುವವರು ಇಂದು ಹೆಚ್ಚಿಲ್ಲ. ಹನ್ನೊಂದನೆಯ ಪಂದ್ಯದ ಹೊತ್ತಿಗೆ ಗಾಯಗೊಂಡವರ ಪಟ್ಟಿಯನ್ನೂ ಓದಿಕೊಂಡು ಕೂರಿ.

ಫಾರೆಸ್ಟ್ ಅಕ್ಟೋಬರ್ 18ರಂದು ಚೆಲ್ಸಿ ಎದುರು 3–0ರಿಂದ ಸೋತ ಮೇಲೆ, ಪಂದ್ಯ ಮುಗಿದ ಸೀಟಿ ಊದಿ ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ಪೋಸ್ಟೆಕೊಗ್ಲು ಅವರನ್ನು ತೆಗೆದುಹಾಕಿದ ಪ್ರಕಟಣೆ ಹೊರಬಿತ್ತು. ಅವರ ಜಾಗಕ್ಕೆ ಕರೆತಂದದ್ದು ಶಾನ್ ಡೈಚ್ ಅವರನ್ನು. ಇಂಗ್ಲೆಂಡಿನಲ್ಲಿ ಹಿಂದೆ ಕೂತು ಕಾಯುವ ಆಟಕ್ಕೆ ಅವರಷ್ಟು ಹೆಸರಾದವರು ಕಡಿಮೆ. ಐದು ದಿನಗಳ ಬಳಿಕ ಯುರೋಪಾ ಲೀಗಿನಲ್ಲಿ ಅದೇ ಆಟಗಾರರ ತಂಡ ಪೋರ್ಟೊವನ್ನು 2–0ರಿಂದ ಸೋಲಿಸಿತು. ಎರಡು ಗೋಲೂ ಪೆನಾಲ್ಟಿಯಿಂದ ಬಂದವು.